ಗುಡ್ಡದ ಕಡೆ ಮುಖ ಮಾಡಿ ನೋಡಿದ ಫೈನಲ್

ಅಥವಾ ಆ ಮಾತು ಆಮೇಲೆ ಬಂದಿರಬಹುದು. ಮೊದಲು ಚೆಂಡು ಗ್ಲೌಸಿಗೆ ಬಡಿದ ಸದ್ದು, ಆಮೇಲೆ ನನ್ನ ಪಕ್ಕದಲ್ಲಿ ನಿಂತಿದ್ದವರ ಬಾಯಿಂದ "ಬಲಕ್ಕ ಹೋದ್ಲು" ಎಂಬ ಮಾತು. ಹಾಗಿದ್ದರೆ ಅದರಲ್ಲಿ ಬರೆಯುವಂಥದ್ದು ಏನೂ ಇಲ್ಲ. ಆದರೆ ನನ್ನ ಕಿವಿಯಲ್ಲಿ ಉಳಿದಿರುವುದು ತಿರುಗುಮುರುಗು: ಮೊದಲು ಮಾತು, ಆಮೇಲೆ ಸದ್ದು. ನನ್ನ ಕಿವಿಯನ್ನು ನಾನು ಅಷ್ಟಾಗಿ ನಂಬುವವನಲ್ಲ. ಕಣ್ಣನ್ನಂತೂ ಇಲ್ಲಿ ಲೆಕ್ಕಕ್ಕೇ ತೆಗೆದುಕೊಳ್ಳುವಂತಿಲ್ಲ, ಯಾಕೆಂದರೆ ಆ ಕ್ಷಣದಲ್ಲಿ ನನ್ನ ಕಣ್ಣು ಖಾರಘರದ ಗುಡ್ಡವನ್ನು ನೋಡುತ್ತಿತ್ತು.

ಮೊದಲಿನಿಂದ ಹೇಳುತ್ತೇನೆ, ಮೊದಲು ಎಂಬುದು ಒಂದಿದ್ದರೆ. ಡೊಂಬಿವಲಿಯಲ್ಲಿ ನಮ್ಮ ಮನೆಯ ಎದುರಿಗೆ ಒಂದು ಕಾಲೇಜು. ಅದರ ಹುಡುಗಿಯರ ಫುಟ್ಬಾಲ್ ತಂಡ ಹೋದ ತಿಂಗಳು ಖಾರಘರದಲ್ಲಿ ಅಂತರ್ ಕಾಲೇಜು ಫೈನಲ್ ಗೆದ್ದಿತು. ನಾನು ಅಲ್ಲಿದ್ದೆ. ಮೈದಾನದ ಗೆರೆಯಿಂದ ಹತ್ತು ಹೆಜ್ಜೆ ದೂರದಲ್ಲಿ, ಮೈದಾನಕ್ಕೆ ಬೆನ್ನು ಹಾಕಿ ನಿಂತಿದ್ದೆ. ನನ್ನ ಜೊತೆ ಇನ್ನಿಬ್ಬರು ಹಾಗೆಯೇ ನಿಂತಿದ್ದರು. ಒಬ್ಬರು ನಮ್ಮ ತಂಡದ ಗೋಲ್‌ಕೀಪರ್ ಹುಡುಗಿಯ ಅಪ್ಪ. ಇನ್ನೊಬ್ಬರು ನಮ್ಮ ಕಟ್ಟಡದ ಎರಡನೇ ಮಹಡಿಯ ಮರಾಠಿ ಅಜ್ಜಿ, ತಂಡದ ನಾಯಕಿಗೆ ಸ್ವಂತ ಅಜ್ಜಿ; ನಾವೆಲ್ಲ ಅವರನ್ನು ಕಾಕು ಎಂದು ಕರೆಯುತ್ತೇವೆ. ಪೆನಾಲ್ಟಿ ಒದೆತ ಬಂದಾಗ ನಾವು ಮೂವರೂ ನೋಡುವುದಿಲ್ಲ. ಅದು ನಮ್ಮ ಪದ್ಧತಿ. ಎರಡು ವರ್ಷದಿಂದ ಊರೂರು ಅಲೆದು ಪಂದ್ಯ ನೋಡಿದ ನಾನು, ನಮ್ಮ ತಂಡದ ಒಂದೇ ಒಂದು ಪೆನಾಲ್ಟಿಯನ್ನೂ ಕಣ್ಣಾರೆ ಕಂಡಿಲ್ಲ.

ಈ ಪದ್ಧತಿ ಹುಟ್ಟಿದ್ದು ಒಂದು ತಪ್ಪಿನಿಂದ.

ನನ್ನ ಆಫೀಸು ಐರೋಲಿಯಲ್ಲಿದೆ. ಬೆಳಿಗ್ಗೆ ಡೊಂಬಿವಲಿಯಿಂದ ಠಾಣೆಗೆ ಬಂದು, ಅಲ್ಲಿ ಗಾಡಿ ಬದಲಿಸಿ ನವಿ ಮುಂಬೈ ಕಡೆಗೆ ಹೋಗುವ ಲೋಕಲ್ ಹಿಡಿಯಬೇಕು. ಆ ಗಾಡಿಯಲ್ಲೇ ಹುಡುಗಿಯ ಅಪ್ಪನ ಪರಿಚಯವಾದದ್ದು. ಬಾಗಿಲ ಹತ್ತಿರ ಒಬ್ಬರು ಫೋನಿನಲ್ಲಿ "ಏ, ಆ ಬಾಲ್ ತಗೊಂಡು ಅಡಗಿ ಮನ್ಯಾಗ ಆಡಬ್ಯಾಡಂತ ಹೇಳ್ ಅಕಿಗೆ, ಮೊನ್ನೆ ಹಾಲ್ ಚೆಲ್ಯಾಳ" ಎಂದು ಕೂಗುತ್ತಿದ್ದರು. ಆ ಗದ್ದಲದಲ್ಲಿ ಕನ್ನಡ ಕೇಳಿಸಿದ್ದಕ್ಕೆ ತಿರುಗಿ ನೋಡಿದೆ. ವಿಜಯಪುರದ ಕಡೆಯವರು, ಮನೆ ಕಲ್ಯಾಣದಲ್ಲಿ, ಕೆಲಸ ತುರ್ಭೆಯ ಮಾರ್ಕೆಟ್ಟಿನಲ್ಲಿ ಈರುಳ್ಳಿ ಮೂಟೆ ಇಳಿಸುವುದು. ಅಡುಗೆ ಮನೆಯಲ್ಲಿ ಬಾಲ್ ಆಡುವ ಹುಡುಗಿ ಅದೇ ವರ್ಷ ನಮ್ಮ ಮನೆ ಎದುರಿನ ಕಾಲೇಜಿಗೆ ಸೇರಿದ್ದಳು. ಬಾಲ್ಕನಿಯಿಂದ ದಿನಾ ನೋಡುತ್ತಿದ್ದ ಆ ಎತ್ತರದ ಗೋಲ್‌ಕೀಪರ್ ಇವರ ಮಗಳೆಂದು ಗೊತ್ತಾದಾಗ ನನಗೇ ಸಂಬಂಧದವರು ಸಿಕ್ಕಷ್ಟು ಖುಷಿಯಾಯಿತು. ಆವತ್ತಿನಿಂದ ಅವರು ನನಗೆ ಸೀಟು ಹಿಡಿಯುವುದು, ನಾನು ಅವರಿಗೆ ಹಿಂದಿನ ಸಂಜೆಯ ಪ್ರಾಕ್ಟೀಸಿನ ವರದಿ ಕೊಡುವುದು ಶುರುವಾಯಿತು.

ಆ ವರ್ಷ ತಂಡ ನೆರೂಲಿನಲ್ಲಿ ಒಂದು ದೊಡ್ಡ ಪಂದ್ಯ ಆಡಬೇಕಿತ್ತು. ನಾವಿಬ್ಬರು ಹೊರಟೆವು, ಜೊತೆಗೆ ಕಾಕು. ಕಾಕುಗೆ ಆ ಕಡೆಯ ದಾರಿ ಗೊತ್ತಿಲ್ಲ. "ನೀವಿಬ್ಬರೂ ದಿನಾ ಓಡಾಡೋ ರೋಜ್ ಕೇ ಲೋಗ್, ನನಗೇನು ಚಿಂತೆ" ಎಂದು ಸ್ಟೀಲ್ ಡಬ್ಬದಲ್ಲಿ ಶೇಂಗಾ ಚಿಕ್ಕಿ ತುಂಬಿಕೊಂಡು ನಮ್ಮ ಹಿಂದೆ ಬಂದರು. ಠಾಣೆಯಲ್ಲಿ ಗಾಡಿ ನಿಂತಿತ್ತು, ಹತ್ತಿದೆವು. ಹರಟೆ ಹೊಡೆಯುತ್ತ ಹೋದೆವು. ತುರ್ಭೆ ದಾಟಿತು. ಕಿಟಕಿಯಾಚೆ ಬರಬೇಕಾದ ನಿಲ್ದಾಣ ಬರಲಿಲ್ಲ, ಬೇರೊಂದು ಬಂತು. ನಾವು ಹತ್ತಿದ್ದು ವಾಶಿಯ ಗಾಡಿ.

ಈ ದಾರಿ ಬಲ್ಲವರಿಗೆ ನಗು ಬರುತ್ತದೆ. ಠಾಣೆಯಿಂದ ಬರುವ ಗಾಡಿಗಳೆಲ್ಲ ತುರ್ಭೆಯ ತನಕ ಒಂದೇ ಹಳಿಯಲ್ಲಿ ಬಂದು, ಅಲ್ಲಿಂದ ಕೆಲವು ವಾಶಿಗೆ, ಕೆಲವು ನೆರೂಲ್ ಪನವೇಲ್ ಕಡೆಗೆ ಕವಲೊಡೆಯುತ್ತವೆ. ನಾನು ಐರೋಲಿಯಲ್ಲಿ ಇಳಿಯುವವನು, ಅವರು ತುರ್ಭೆಯಲ್ಲಿ. ನಮಗಿಬ್ಬರಿಗೂ ಯಾವ ಗಾಡಿಯಾದರೂ ಸರಿಯೇ. ಇಷ್ಟು ವರ್ಷದಲ್ಲಿ ಪ್ಲಾಟ್‌ಫಾರ್ಮಿನ ಬೋರ್ಡಿಗೆ ತಲೆ ಎತ್ತಿ ನೋಡುವ ಗರಜೇ ನಮಗೆ ಬಿದ್ದಿರಲಿಲ್ಲ. ಹೊಸಬರಾಗಿದ್ದರೆ ನಾಲ್ಕು ಜನರನ್ನು ಕೇಳಿ ಹತ್ತುತ್ತಿದ್ದರು.

"ದಿನಾ ಹೋಗೋ ಗಂಡಸರು!" ಎಂದರು ಕಾಕು, ವಾಶಿಯ ಪ್ಲಾಟ್‌ಫಾರ್ಮಿನಲ್ಲಿ ಕೂತು, ಹಿಂದಿಯಲ್ಲಿ. "ನನ್ನ ಮೊಮ್ಮಗಳು ಅಲ್ಲಿ ಆಡ್ತಿದಾಳೆ, ನಾನಿಲ್ಲಿ ಚಿಕ್ಕಿ ತಿನ್ತಾ ಕೂತಿದೀನಿ."

"ನಾ ಮಗ್ಗಲಿಗೇ ದುಡೀತೀನ್ರಿ ಸರ, ಇಲ್ಲೇ ಹಾದಿ ತಪ್ಪಿದ್ನಲ್ಲ" ಎಂದು ಹುಡುಗಿಯ ಅಪ್ಪ ಹಣೆ ಹಣೆ ಬಡಿದುಕೊಂಡರು.

ಬೇರೆ ಗಾಡಿ ಹಿಡಿದು ಮೈದಾನ ತಲುಪುವಾಗ ಪಂದ್ಯ ಮುಗಿಯುತ್ತ ಬಂದಿತ್ತು. ನಮ್ಮವರು ಎರಡು ಗೋಲಿನಿಂದ ಮುಂದಿದ್ದರು. ಅಷ್ಟೇ ಅಲ್ಲ, ಹುಡುಗಿ ಒಂದು ಪೆನಾಲ್ಟಿಯನ್ನೂ ತಡೆದಿದ್ದಳು. ಅದಕ್ಕೆ ಮೊದಲು ನಾವು ಕಣ್ಣು ಬಿಟ್ಟುಕೊಂಡು ನೋಡಿದ ಪಂದ್ಯಗಳಲ್ಲೆಲ್ಲ ತಂಡ ಸೋತಿತ್ತು. ಕಾಕು ಅಲ್ಲೇ ತೀರ್ಮಾನ ಕೊಟ್ಟರು: ನಮ್ಮ ಕಣ್ಣೇ ಸರಿ ಇಲ್ಲ. ಪೂರ್ತಿ ನೋಡದೆ ಇರುವುದು ನಮ್ಮಿಂದಾಗದು, ಆದ್ದರಿಂದ ಪೆನಾಲ್ಟಿಯನ್ನಾದರೂ ನೋಡುವುದು ಬೇಡ. ಮುಂದಿನ ಪಂದ್ಯದಿಂದ ರೆಫರಿ ಚೆಂಡನ್ನು ಆ ಬಿಂದುವಿನ ಮೇಲೆ ಇಟ್ಟ ಕೂಡಲೇ ಕಾಕು "ಪಾಠ್ ಫಿರವಾ!" ಎನ್ನುತ್ತಿದ್ದರು. ಬೆನ್ನು ತಿರುಗಿಸಿ ಎಂದರ್ಥ. ನಾವು ಮೂವರೂ ಗಣಪತಿಯ ಮುಂದೆ ಆತ್ಮಪ್ರದಕ್ಷಿಣೆ ಹಾಕುವವರಂತೆ ನಿಂತಲ್ಲೇ ಅರ್ಧ ಸುತ್ತು ತಿರುಗುತ್ತಿದ್ದೆವು.

ಒಮ್ಮೆ ಹುಡುಗಿಯೇ ಕೇಳಿದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. "ಅಂಕಲ್, ದೇಖ್‌ತೇ ಭೀ ನಹೀ ಹೋ, ಫಿರ್ ಆತೇ ಕ್ಯೋಂ ಹೋ?"

ನೋಡುವುದೇ ಇಲ್ಲವಾದರೆ ಬರುವುದೇಕೆ. ಅವಳ ಅಪ್ಪ ಹೇಳಿದರು, "ದೇವರ ಗುಡಿಗೆ ಹೋಗಿ ಕಣ್ ಮುಚ್ಚಾಂಗಿಲ್ಲೇನು?"

ನಾನು ಇದನ್ನೆಲ್ಲ ನಂಬುವವನಲ್ಲ ಎಂದು ಹೇಳಿಕೊಳ್ಳುತ್ತೇನೆ. ತಿರುಗುವುದನ್ನು ಮಾತ್ರ ಒಂದು ಸಲವೂ ತಪ್ಪಿಸಿಲ್ಲ.

ಹೋದ ವರ್ಷ ಮಳೆಗಾಲದಲ್ಲಿ ಅವಳ ಬಲ ಮಣಿಕಟ್ಟು ಮುರಿಯಿತು. ನಮ್ಮ ಎದುರಿನ ಮೈದಾನದಲ್ಲೇ, ಪ್ರಾಕ್ಟೀಸಿನ ಹೊತ್ತಿನಲ್ಲಿ. ಬಲಕ್ಕೆ ಹಾರಿದವಳು ಕೆಸರಿನಲ್ಲಿ ಜಾರಿ ಗೋಲ್ ಕಂಬಕ್ಕೆ ಕೈ ಹೊಡೆದುಕೊಂಡಳು. ನಾನು ಬಾಲ್ಕನಿಯಲ್ಲಿ ಕಾಫಿ ಕುಡಿಯುತ್ತ ಅದನ್ನು ಕಂಡೆ, ಲೋಟ ಕೈಯಿಂದ ಬಿತ್ತು ಎಂದು ಎಷ್ಟೋ ಜನರಿಗೆ ಹೇಳಿದ್ದೇನೆ. ನನ್ನ ಹೆಂಡತಿ ಅಡ್ಡಬಂದು ತಿದ್ದುತ್ತಾಳೆ: "ಎಂಥ ಕಾಫಿ? ನೀವು ಸ್ನಾನಕ್ಕೆ ಹೋಗಿದ್ರಿ. ಹುಡುಗಿಯರು ಕಿರುಚಿದ್ದು ಕೇಳಿ ಟವೆಲ್ ಸುತ್ತಿಕೊಂಡು ಹೊರಗೆ ಬಂದ್ರಿ. ಮಗನ ಸ್ಕೂಲಿಗೆ ಒಂದು ದಿನ ಹೋದವರಲ್ಲ, ಈ ತಂಡದ್ದಾದ್ರೆ ಕಾಣದ್ದೂ ಕಂಡ ಹಾಗೆ ಹೇಳ್ತೀರಿ ಮಾರಾಯ್ರೆ." ಅವಳು ಹೇಳಿದ್ದೇ ನಿಜವಿರಬೇಕು. ಆದರೂ ಆ ಲೋಟ ಬೀಳುವುದು ನನಗೆ ಈಗಲೂ ಕಾಣುತ್ತದೆ, ಕಾಫಿ ಗ್ರಿಲ್‌ನಿಂದ ಕೆಳಗೆ ಇಳಿಯುವುದು ಸಹ.

ಕೈಗೆ ಪ್ಲೇಟ್ ಹಾಕಿದರು. ತಿಂಗಳುಗಳ ನಂತರ ಡಾಕ್ಟರು ಪೂರ್ತಿ ವಾಸಿಯಾಗಿದೆ, ಆಡಬಹುದು ಎಂದರು. ಅವಳು ಮತ್ತೆ ಗೋಲಿನಲ್ಲಿ ನಿಂತಳು. ಎಡಕ್ಕೆ ಬಂದ ಚೆಂಡಿಗೆ ಮೊದಲಿನಂತೆಯೇ ಹಾರಿದಳು. ಬಲಕ್ಕೆ ಬಂದರೆ ಕಾಲು ನೆಲಕ್ಕೆ ಅಂಟಿಕೊಳ್ಳುತ್ತಿತ್ತು. ಎರಡು ಹೆಜ್ಜೆ ಓಡಿ ಕಾಲಿನಿಂದ ತಡೆಯಲು ನೋಡುತ್ತಿದ್ದಳೇ ಹೊರತು ಮೈ ಚೆಲ್ಲುತ್ತಿರಲಿಲ್ಲ. ಇದನ್ನು ನಾನು ನಿಜವಾಗಿಯೂ ಬಾಲ್ಕನಿಯಿಂದ ನೋಡಿದ್ದೇನೆ. ಇದಕ್ಕೆ ಸಾಕ್ಷಿ ಅವಳ ಜರ್ಸಿ. ನಮ್ಮ ತಂಡದ ಜರ್ಸಿ ಹಳದಿ, ಮೈದಾನದ ಮಣ್ಣು ಕೆಂಪು. ಪ್ರಾಕ್ಟೀಸ್ ಮುಗಿಸಿ ಅವಳು ಗೇಟಿನತ್ತ ನಡೆದು ಹೋಗುವಾಗ ಎಡಬದಿ ಹೆಗಲಿನಿಂದ ಸೊಂಟದವರೆಗೆ ಕೆಂಪಾಗಿರುತ್ತಿತ್ತು, ಬಲಬದಿ ಅಂಗಡಿಯಿಂದ ತಂದಷ್ಟು ಶುಭ್ರ.

"ಅವರವ್ವ ನಗ್ತಾಳ್ರಿ" ಎಂದು ಒಂದು ಬೆಳಿಗ್ಗೆ ಗಾಡಿಯಲ್ಲಿ ಅಪ್ಪ ಹೇಳಿದರು. "ಈ ಅಂಗಿ ಒಗ್ಯೂದು ಭಾಳ ಸಸಾರ ಆಗೇದ, ಒಂದ ಮಗ್ಗಲಾ ತಿಕ್ಕಿದ್ರ ಆತು ಅಂತಾಳ."

ಹೇಳಿ ನಕ್ಕರು. ನಗು ಅರ್ಧಕ್ಕೇ ನಿಂತಿತು. ಆಮೇಲೆ ಘಣಸೋಲಿ ಬರುವ ತನಕ ಬಾಗಿಲಿನಾಚೆ ನೋಡುತ್ತ ನಿಂತರು. ಅದಕ್ಕೂ ಮೊದಲೇ ನಾನು ಐರೋಲಿಯಲ್ಲಿ ಇಳಿಯಬೇಕಾಗಿತ್ತು, ಇಳಿಯಲಿಲ್ಲ. ಆ ದಿನ ಅವರ ಜೊತೆ ತುರ್ಭೆಯವರೆಗೂ ಹೋಗಿ ಮರಳಿ ಬಂದೆ ಎಂದು ನನ್ನ ನೆನಪು ಹೇಳುತ್ತದೆ. ಅಷ್ಟು ಒಳ್ಳೆಯವನು ನಾನಲ್ಲವಾದ್ದರಿಂದ ಇದನ್ನೂ ಪರೀಕ್ಷಿಸಬೇಕು. ಆದರೆ ಅವರು ಹೇಳಿದ್ದು ಮಾತ್ರ ಅಕ್ಷರಶಃ ನೆನಪಿದೆ.

"ಕೋಚ್ ಮೇಡಂ ಕರದು ಹೇಳ್ಯಾರ್ರಿ ಸರ. ಯುನಿವರ್ಸಿಟಿ ಟೀಮಿಗೆ ಆರಿಸಾವ್ರು ಫೈನಲ್ ನೋಡಾಕ ಬರ್ತಾರಂತ. ಇದು ಅಕಿ ಕಡೀ ವರ್ಷ. ಒಂದ ಬದಿ ಹಾರೂ ಕೀಪರ್‌ನ ಯಾರೂ ತಗೊಳ್ಳೂದಿಲ್ಲ. ಬಲಕ್ಕ ಹೋಗ್ಲಿಲ್ಲಂದ್ರ ಇಲ್ಲಿಗೆ ಮುಗೀತು ಆಟ."

"ಹೋಗ್ತಾಳೆ ಬಿಡಿ. ಡಾಕ್ಟರೇ ಹೇಳಿದಾರಲ್ಲ" ಎಂದೆ.

"ಡಾಕ್ಟರ್ ಕೈ ನೋಡ್ಯಾರ್ರಿ." ಬಾಗಿಲ ಕಂಬಿ ಹಿಡಿದು ಅಂದರು, "ಅಕಿ ಬಲಕ್ಕ ಹಾರ್ಲಿ ಅಂತ ಬೇಡ್ಕೊಳ್ಲಿಕ್ಕೆ ಕೂಡ್ತೀನಿ. ಆ ಕೈ ಕಣ್ಮುಂದ ಬರ್ತದ. ಬ್ಯಾಡವಾ, ನಿಂತು ಬಿಡು ಅನಸ್ತದ. ಏನ್ ಬೇಡ್ಕೋಬೇಕನ್ನೂದ ತಿಳೀವಲ್ದ್ರಿ ನನಗ."

ಫೈನಲ್ ಖಾರಘರದಲ್ಲಿತ್ತು. ಈ ಸಲ ಠಾಣೆಯಲ್ಲಿ ನಾವು ಮೂವರೂ ಬೋರ್ಡನ್ನು ಎರಡು ಸಲ ಓದಿದೆವು. ಕಾಕು ಸಾಲದೆಂಬಂತೆ ಗಾಡಿಯೊಳಗಿದ್ದ ಒಬ್ಬ ಹೆಂಗಸನ್ನೂ ಕೇಳಿದರು. ಪನವೇಲ್ ಗಾಡಿಯೇ. ಮೈದಾನ ಗುಡ್ಡದ ಕೆಳಗೆ, ಅಲ್ಲೂ ಕೆಂಪು ಮಣ್ಣು. ಒಂದು ಬದಿಗೆ ಎತ್ತರದ ಕಟ್ಟಡಗಳು, ಇನ್ನೊಂದು ಬದಿಗೆ ನೇರ ಗುಡ್ಡ. ಮಳೆ ಮುಗಿದು ಹುಲ್ಲು ಇನ್ನೂ ಹಳದಿಯಾಗಿರಲಿಲ್ಲ. ಎದುರು ತಂಡ ಮುಂಬೈಯಿಂದ ಸ್ವಂತ ಬಸ್ಸಿನಲ್ಲಿ ಬಂದಿತ್ತು, ಎಲ್ಲರ ಬ್ಯಾಗೂ ಒಂದೇ ಬಣ್ಣದ್ದು. ನಮ್ಮವರು ಲೋಕಲ್ ಗಾಡಿಯ ಲೇಡೀಸ್ ಡಬ್ಬದಲ್ಲಿ ಚೆಂಡಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬಂದಿದ್ದರು.

ಆಟದ ಬಗ್ಗೆ ಹೆಚ್ಚು ಹೇಳಲಾರೆ. ಕಾಕುವಿನ ಮೊಮ್ಮಗಳು ಒಂದು ಗೋಲು ಹೊಡೆದಳು. ಅವರು ಒಂದು ಹೊಡೆದರು, ನಮ್ಮ ಹುಡುಗಿಯ ಬಲಕ್ಕೆ. ಅವಳು ಹಾರಲಿಲ್ಲ. ಆ ಬಳಿಕ ಅವರು ಹೊಡೆದದ್ದೆಲ್ಲ ಅದೇ ಕಡೆಗೆ. ಅವರಿಗೆ ಮೊದಲೇ ಗೊತ್ತಿತ್ತೋ ಅಥವಾ ಆಗ ಕಂಡುಕೊಂಡರೋ. ನಮ್ಮ ರಕ್ಷಣೆಯ ಹುಡುಗಿಯರು ಆ ಬದಿಗೇ ಗುಂಪುಗೂಡಿ ಹೇಗೋ ತಡೆದರು. ನನ್ನ ಪಕ್ಕದಲ್ಲಿ ಅಪ್ಪ ತಲೆಗೆ ಸುತ್ತುವ ಕೆಂಪು ಟವೆಲನ್ನು ಕೈಗೆ ಸುತ್ತುತ್ತ ಬಿಚ್ಚುತ್ತ ನಿಂತಿದ್ದರು. ಹೊತ್ತು ಮುಗಿಯಿತು. ಒಂದಕ್ಕೊಂದು ಸಮ. ಇನ್ನು ಪೆನಾಲ್ಟಿಯಲ್ಲೇ ತೀರ್ಮಾನ, ತಂಡಕ್ಕೆ ಐದೈದು ಒದೆತ.

"ಪಾಠ್ ಫಿರವಾ" ಎಂದರು ಕಾಕು. ಈ ಸಲ ದನಿ ಕೂಗಿನದಲ್ಲ, ಪೂಜೆ ಹೇಳಿಕೊಡುವವರದು.

ತಿರುಗಿದೆವು. ಮುಂದಿನದೆಲ್ಲ ನನಗೆ ಶಬ್ದವಾಗಿ ಮಾತ್ರ ಉಳಿದಿದೆ. ಸೀಟಿ. ಓಡುವ ಕಾಲು. ಬೂಟು ಚೆಂಡಿಗೆ ಬಡಿಯುವ ಸದ್ದು. ಆಮೇಲೆ ಯಾವ ಕಡೆಯಿಂದ ಬೊಬ್ಬೆ ಎದ್ದಿತು ಎಂಬುದರಿಂದ ಫಲ ತಿಳಿಯಬೇಕು. ನಮ್ಮ ಹಿಂದೆ ನಮ್ಮದೇ ಬದಲಿ ಆಟಗಾರ್ತಿಯರ ಬೆಂಚು. ಅಲ್ಲೊಬ್ಬಳು ಸುದ್ದಿ ಓದುವವಳಂತೆ ಹೇಳುತ್ತಿದ್ದಳು. ಅವರ ಮೊದಲ ಒದೆತ: "ರೈಟ್ ಮೇ. ಗೋಲ್." ಎರಡನೆಯದು: "ಫಿರ್ ರೈಟ್. ಗೋಲ್." ಪ್ರತಿ ಸಲ ಅವಳು "ರೈಟ್" ಎಂದಾಗ ಪಕ್ಕದಲ್ಲಿ ಟವೆಲ್ ಬಿಗಿಯಾಗುವುದು ನನಗೆ ಓರೆಗಣ್ಣಿನಲ್ಲಿ ಕಾಣುತ್ತಿತ್ತು. ಮೂರನೆಯದೂ ಅಲ್ಲಿಗೇ. ನಾಲ್ಕನೆಯವಳು ಇನ್ನೂ ಬಲಕ್ಕೆ, ಇನ್ನೂ ಮೂಲೆಗೆ ಹೊಡೆಯಲು ಹೋಗಿ ಕಂಬಕ್ಕೆ ಹೊಡೆದಳು, ಆ ಠಣ್ ಎಂಬ ಸದ್ದಿಗೆ ಕಾಕು "ಅಗ ಬಾಈ!" ಎಂದು ನನ್ನ ತೋಳು ಹಿಡಿದವರು ಆಮೇಲೆ ಬಿಡಲೇ ಇಲ್ಲ. ನಮ್ಮವರು ಐದರಲ್ಲಿ ನಾಲ್ಕು ಹೊಡೆದು ಮುಗಿಸಿದ್ದರು. ಅವರದು ಮೂರಾಗಿತ್ತು. ಒಂದು ಒದೆತ ಬಾಕಿ. ಹುಡುಗಿ ಇದನ್ನು ತಡೆದರೆ ಗೆಲುವು.

ಎಲ್ಲಿಗೆ ಹೊಡೆಯುತ್ತಾರೆ ಎಂಬುದು ಮೈದಾನದಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅಷ್ಟು ಜನಕ್ಕೆ ಗೊತ್ತಿರುವ ಒಂದು ಜಾಗ, ಅವಳಿಗೆ ಮಾತ್ರ ಹೋಗಲಾಗದ ಜಾಗ.

ಬೆಂಚಿನ ಸುದ್ದಿ ನಿಂತಿತು. ಸೀಟಿ ಕೇಳಿಸಿತು. ನನ್ನೆದುರಿಗೆ ಗುಡ್ಡ ಇತ್ತು. ಅಷ್ಟು ಹತ್ತಿರ ಇದೆಯೆಂದು ಅಲ್ಲಿಯವರೆಗೆ ನನಗೆ ಅನ್ನಿಸಿಯೇ ಇರಲಿಲ್ಲ. ಅದರ ಒಂದೊಂದು ಬಂಡೆಯೂ ಉಸಿರು ಹಿಡಿದು ನಮ್ಮ ಹಿಂದಿನದನ್ನು ನೋಡುತ್ತಿದೆ, ನಮಗೆ ಕಾಣದ್ದು ಅದಕ್ಕೆ ಕಾಣುತ್ತಿದೆ ಎನಿಸಿತು. ಓಡುವ ಕಾಲಿನ ಸದ್ದು.

"ಬಲಕ್ಕ ಹೋದ್ಲು."

ಆಮೇಲೆ ಬೂಟು, ಆಮೇಲೆ ಗ್ಲೌಸಿಗೆ ಬಡಿದ ಸದ್ದು, ಮೂಟೆ ಇಳಿಸಿದಂಥ ಒಂದು ಧಡ್. ಆಮೇಲೆ ಏನೂ ಇಲ್ಲ. ಒಂದು ಉಸಿರಿನಷ್ಟು ಹೊತ್ತು ಲೋಕದಲ್ಲಿ ಏನೂ ಇರಲಿಲ್ಲ. ಆಮೇಲೆ ಬೆಂಚಿನಿಂದ ಎದ್ದ ಬೊಬ್ಬೆ.

ನಾನು ತಿರುಗಿದಾಗ ಅವಳು ಎದ್ದು ನಿಂತಾಗಿತ್ತು. ಚೆಂಡನ್ನು ಮಗುವಿನಂತೆ ಎದೆಗೆ ಅವಚಿಕೊಂಡಿದ್ದಳು. ಇನ್ನೂ ಯಾರೂ ಅವಳನ್ನು ಮುಟ್ಟಿರಲಿಲ್ಲ, ಎಲ್ಲರೂ ಅವಳ ಕಡೆ ಓಡುತ್ತಿದ್ದರು. ಜರ್ಸಿಯ ಬಲಬದಿ ಹೆಗಲಿನಿಂದ ಸೊಂಟದವರೆಗೆ ಕೆಂಪು. ಎಷ್ಟು ತಿಂಗಳಿನಿಂದ ಶುಭ್ರವಾಗಿದ್ದ ಆ ಬದಿ. ಅವಳು ಯಾರನ್ನೂ ನೋಡುತ್ತಿರಲಿಲ್ಲ, ತಲೆ ಬಗ್ಗಿಸಿ ತನ್ನ ಜರ್ಸಿಯನ್ನೇ ನೋಡುತ್ತಿದ್ದಳು, ಅದು ಬೇರೆ ಯಾರದೋ ಎಂಬಂತೆ. ಮುರಿದ ಜಾಗಕ್ಕೆ ಒಂದು ಮೈ ತಾನಾಗಿ ಹೋಗುವುದೆಂದರೇನು ಎಂದು ನನಗೆ ಗೊತ್ತಿಲ್ಲ. ಕಚೇರಿ, ಲೋಕಲ್, ಮನೆ ಎಂದು ಬದುಕಿದ ನಾನು, ಒಮ್ಮೆ ಪೆಟ್ಟು ತಿಂದ ಬದಿಯನ್ನು ಜೀವಮಾನವಿಡೀ ಬಳಸಿಕೊಂಡೇ ನಡೆದವನು. ದೊಡ್ಡವರ ಮುಂದೆ ನಿಂತಾಗ ಚಪ್ಪಲಿ ಬಿಡಬೇಕೆನಿಸುವುದಿಲ್ಲವೇ, ಹಾಗೆ ಅನ್ನಿಸಿತು. ಇಪ್ಪತ್ತರ ಹುಡುಗಿ.

ಅವಳ ಅಪ್ಪ ಓಡಲಿಲ್ಲ. ಟವೆಲಿನಿಂದ ಮುಖ ಒರೆಸಿಕೊಂಡು ಗೆರೆಯ ಹತ್ತಿರ ಹೋಗಿ ನಿಂತರು. ಹುಡುಗಿ ಗುಂಪಿನಿಂದ ಬಿಡಿಸಿಕೊಂಡು ಬಂದಳು. ಅವರು ಮೊದಲು ಅವಳ ಬಲ ಮಣಿಕಟ್ಟನ್ನು ಹಿಡಿದು, ಗ್ಲೌಸ್ ಕಳಚಿ, ಹಿಂದೆ ಮುಂದೆ ಬಗ್ಗಿಸಿ ನೋಡಿದರು.

"ನೋಯ್ತೇನವಾ?"

"ನಹೀ ಪಪ್ಪಾ. ಕುಛ್ ನಹೀ ಹುವಾ."

"ಎರಡೂ ಮಗ್ಗಲಾ ತಿಕ್ಕಬೇಕಲ್ಲ ಇನ್ನ ನಿಮ್ಮವ್ವ" ಎಂದರು.

ಕೋಚ್ ಮೇಡಂ ಅವಳನ್ನು ಕರೆದುಕೊಂಡು ಹೋಗಿ ಆಯ್ಕೆಗಾರರ ಎದುರು ನಿಲ್ಲಿಸಿದ್ದನ್ನು ದೂರದಿಂದ ನೋಡಿದೆವು. ಮರುವಾರ ಯುನಿವರ್ಸಿಟಿ ತಂಡದ ಕ್ಯಾಂಪಿಗೆ ಕರೆ ಬಂತು. ಅವಳು ಈಗ ಅಲ್ಲಿದ್ದಾಳೆ. ಗೆಲುವಿನ ಕಥೆ ಇಲ್ಲಿಗೆ ಮುಗಿಯಬೇಕು, ಮುಗಿದಿದ್ದರೆ ನಾನು ಬರೆಯಲು ಕೂರುತ್ತಿರಲಿಲ್ಲ.

ನನ್ನನ್ನು ಕಾಡುವುದು "ಬಲಕ್ಕ ಹೋದ್ಲು" ಎಂಬ ಆ ಎರಡು ಪದ. ಖಾರಘರದಿಂದ ಮರಳುವ ಗಾಡಿಯಲ್ಲೇ ಕಾಕುಗೆ ಹೇಳಿದೆ: ಹುಡುಗಿಯ ಅಪ್ಪ ಮೊದಲೇ ಹೇಳಿದರು, ಬೆನ್ನು ಹಾಕಿ ನಿಂತವರಿಗೆ ಹೇಗೆ ಗೊತ್ತಾಯಿತು? ಕಾಕುಗೆ ಆಶ್ಚರ್ಯವೇ ಆಗಲಿಲ್ಲ. "ತಂದೆ ಅಲ್ಲವಾ? ತಂದೆಗೆ ಕಣ್ಣು ಬೇಕಾ?" ಎಂದರು. ಇದು ತುಂಬ ಚೆಂದದ ವಿವರಣೆ. ಚೆಂದವಾಗಿರುವುದರಿಂದಲೇ ನನಗೆ ಅದರ ಮೇಲೆ ಗುಮಾನಿ. ಸರಳವಾದದ್ದು ಬೇರೆ ಇದೆ: ಅವರು ಪದ್ಧತಿ ಮುರಿದು ತಿರುಗಿ ನೋಡಿದರು. ಕಾಕು ಆ ಹೊತ್ತಿಗೆ ಕಣ್ಣು ಮುಚ್ಚಿ ಜಪ ಮಾಡುತ್ತಿದ್ದರಂತೆ, ಅವರ ಸಾಕ್ಷಿ ಇಲ್ಲ. ನಾನು ಗುಡ್ಡದಲ್ಲಿ ಮುಳುಗಿದ್ದೆ.

ಆಮೇಲೆ ನಾನೊಂದು ಪ್ರಯೋಗ ಮಾಡಿದೆ. ಸಂಜೆ ಎದುರಿನ ಮೈದಾನದಲ್ಲಿ ಹುಡುಗಿಯರು ಪೆನಾಲ್ಟಿ ಪ್ರಾಕ್ಟೀಸ್ ಮಾಡುವಾಗ ಬಾಲ್ಕನಿಯಲ್ಲಿ ನಿಂತು, ಬೂಟು ಬಡಿದ ಕೂಡಲೇ "ಬಲಕ್ಕ ಹೋದ್ಲು" ಎಂದು ಹೇಳತೊಡಗಿದೆ. ಚೆಂಡು ಗ್ಲೌಸಿಗೆ ತಲುಪುವುದರೊಳಗೆ "ಬಲಕ್ಕ" ಕೂಡ ಮುಗಿಯುವುದಿಲ್ಲ. ಎಷ್ಟು ಬೇಗ ಹೇಳಿದರೂ ಮುಗಿಯುವುದಿಲ್ಲ. ಒಳಗಿನಿಂದ ಹೆಂಡತಿ "ಯಾರ ಹತ್ರ ಮಾತಾಡೋದು?" ಎಂದಳು. ಅಂದರೆ ಒದೆಯುವ ಮುಂಚೆಯೇ ಅವರು ಹೇಳಿರಬೇಕು, ಇಲ್ಲವೇ ಎಲ್ಲ ಮುಗಿದ ಮೇಲೆ. ಬದಲಿ ಆಟಗಾರ್ತಿಯೊಬ್ಬಳ ಫೋನಿನಲ್ಲಿ ವಿಡಿಯೋ ಇದೆಯೆಂದು ಕೇಳಿ ತರಿಸಿಕೊಂಡೆ. ಹುಡುಗಿ ಗೋಲಿನಲ್ಲಿ ನಿಂತಿದ್ದಾಳೆ, ಎದುರಿನವಳು ಓಡತೊಡಗುತ್ತಾಳೆ, ಅಷ್ಟಕ್ಕೇ ಫೋನ್ ಹಿಡಿದವಳ ಕೈ ನಡುಗಿ ಆಕಾಶ, ಒಂದು ಚೂರು ಗುಡ್ಡದ ತುದಿ, ಯಾರದೋ ಶೂ. ಬೊಬ್ಬೆಯಲ್ಲಿ ಬೇರೆ ಮಾತು ಕೇಳುವುದಿಲ್ಲ. ಎದುರಿನವಳು ಒದೆಯುವ ಮುಂಚೆಯೇ ಹುಡುಗಿ ಬಲಕ್ಕೆ ವಾಲಿದಳಂತೆ, ಹಾಗೆಂದು ಕಾಕುವಿನ ಮೊಮ್ಮಗಳು ಹೇಳಿದಳು. ಹಾಗಿದ್ದರೆ ನೋಡಿದವರಿಗೆ ಮುಂಚೆಯೇ ಹೇಳಲು ಸಾಧ್ಯ. ನೋಡಿದವರಿಗೆ.

ಹುಡುಗಿಯನ್ನೂ ಕೇಳಿದ್ದೆ, ಅವಳು ಕ್ಯಾಂಪಿಗೆ ಹೊರಡುವ ಮೊದಲು, ಗೇಟಿನ ಹತ್ತಿರ. ಮೊದಲೇ ನಿರ್ಧಾರ ಮಾಡಿದ್ದೆಯಾ ಬಲಕ್ಕೆ ಹೋಗುವುದೆಂದು?

"ಪತಾ ನಹೀ ಅಂಕಲ್" ಎಂದಳು. ಆಮೇಲೆ ಅಪರೂಪಕ್ಕೆ ಕನ್ನಡದಲ್ಲಿ, "ಪಪ್ಪಾ ಕಾಣಸ್ತಿದ್ರು." ಅಷ್ಟರಲ್ಲಿ ರಿಕ್ಷಾದಿಂದ ಯಾರೋ ಕೂಗಿದರು, ಓಡಿದಳು. ಪಪ್ಪನ ಬೆನ್ನು ಕಾಣಿಸುತ್ತಿತ್ತೋ, ಮುಖವೋ ಎಂದು ಕೇಳಲು ನನಗೆ ಹೊಳೆದದ್ದು ರಿಕ್ಷಾ ತಿರುವು ದಾಟಿದ ಮೇಲೆ.

ಕೊನೆಗೆ ಒಂದು ಸೋಮವಾರ ಗಾಡಿಯಲ್ಲಿ ಅವರನ್ನೇ ಕೇಳಿದೆ. ಗದ್ದಲವಿತ್ತು, ರಬಾಳೆಗೆ ಹೋಗುವ ಫ್ಯಾಕ್ಟರಿಯವರು ಒತ್ತುತ್ತಿದ್ದರು. "ಸತ್ಯ ಹೇಳಿ ಮಾರಾಯ್ರೆ. ಕೊನೇ ಪೆನಾಲ್ಟಿಗೆ ನೀವು ತಿರುಗಿ ನೋಡಿದ್ರಿ, ಅಲ್ವಾ?"

"ಯಾರ್ರೀ? ನಾನಾ?" ಎಂದರು. "ಆಣೀ ಮಾಡ್ತೀನಿ. ಗುಡ್ಡಾನ ನೋಡಕೋತ ನಿಂತಿದ್ದೆ. ಗುಡ್ಡದ ಮ್ಯಾಲ ಎರಡು ಆಕಳಾ ಮೇಯಾಕತ್ತಿದ್ದು, ಒಂದು ಬಿಳೀದು, ಒಂದು ಕಂದು. ನೀವ್ ನೋಡ್ಲಿಲ್ಲೇನ್ರಿ?"

"ಹಾಗಾದ್ರೆ 'ಬಲಕ್ಕ ಹೋದ್ಲು' ಅಂದದ್ದು?"

"ಅಂದ್ನೇನ್ರಿ?" ಎಂದರು. ಮುಖದಲ್ಲಿದ್ದದ್ದು ನಿಜವಾದ ಆಶ್ಚರ್ಯವೇ, ಅಥವಾ ಮಗಳಿಗಾಗಿ ಕಾಕುವಿನ ಪದ್ಧತಿ ಮುರಿದವನ ಜಾಣತನವೇ, ಹೇಳಲಾರೆ. ನನ್ನ ನಿಲ್ದಾಣ ಬಂತು. ಜನ ನನ್ನನ್ನು ಹೊರಗೆ ನೂಕಿದರು.

ನಾನು ಆ ಗುಡ್ಡದ ಮೇಲೆ ಆಕಳು ಕಂಡಿರಲಿಲ್ಲ. ಬಂಡೆ, ಹುಲ್ಲು, ಒಂದು ಒಣಗಿದ ನೀರಿನ ಜಾಡು, ಇಷ್ಟನ್ನು ಖಂಡಿತವಾಗಿ ಕಂಡಿದ್ದೆ. ಅವರು ಹೇಳಿದ ಮೇಲೆ ಮೊದಲ ಕೆಲವು ದಿನ ಅಲ್ಲಿ ಆಕಳು ಇರಲಿಲ್ಲ ಎಂದೇ ನನಗೆ ಖಾತ್ರಿಯಿತ್ತು. ಈಗ ನೆನಪಿಸಿಕೊಂಡರೆ ನೀರಿನ ಜಾಡಿನ ಪಕ್ಕದಲ್ಲಿ ಎರಡು ನಿಂತಿವೆ, ಬಿಳಿಯದು ಮೇಲೆ, ಕಂದು ಕೆಳಗೆ, ಕಂದು ಬಣ್ಣದ್ದು ತಲೆ ಎತ್ತಿ ಮೈದಾನದ ಕಡೆ ನೋಡುತ್ತಿದೆ. ಅವು ಅಲ್ಲಿ ಇದ್ದಿದ್ದರೆ, ಅವರು ಗುಡ್ಡವನ್ನೇ ನೋಡುತ್ತಿದ್ದರು. ಇಲ್ಲದಿದ್ದರೆ, ಮಗಳನ್ನು. ಕೋಚ್ ಮೇಡಂ, ಕಾಕು, ಬೆಂಚಿನ ಹುಡುಗಿಯರು, ಎಲ್ಲರನ್ನೂ ಕೇಳಿದೆ. ಆ ಹೊತ್ತಿನಲ್ಲಿ ಗುಡ್ಡ ನೋಡಿದವರು ಬೇರೆ ಯಾರೂ ಇಲ್ಲ. ಆಕಳು ಇದ್ದವೋ ಇಲ್ಲವೋ, ನನಗೆ ಗೊತ್ತಿಲ್ಲ.